ಅಲುಗದ ಗುಂಡು

ಯುಂಗ್‌ಫುಗೆ ತನ್ನ ಭಾವಮೈದುನನ ಮೇಲೆ ಹಗೆ ಹುಟ್ಟಿದ್ದು ಒಂದು ಪಾರಿವಾಳದ ದೆಸೆಯಿಂದ. ಕೇಳಿದರೆ ಹೊರಗಿನವರಿಗೆ ನಗು ಬರಬಹುದು, ತೈಪೆಯ ಹಳೇ ಪೇಟೆಯಲ್ಲಿ ಯಾರೂ ನಗುವುದಿಲ್ಲ. ಅಲ್ಲಿ ಪಂದ್ಯದ ಹಕ್ಕಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಗಂಡಂದಿರು ಮನೆ ಬಿಟ್ಟು ತಾರಸಿಯ ಮೇಲೆ ಮಲಗಿದ್ದಾರೆ. ಗೆದ್ದ ಹಕ್ಕಿ ಕೊಟ್ಟರೆ ಹೊಸ ಕಾರು ಬರುತ್ತದೆ, ಆದರೆ ಕಾರು ಇಟ್ಟುಕೊಂಡವನಿಗೆ ಆ ಮರ್ಯಾದೆ ಬರುವುದಿಲ್ಲ.

ಆ ಹಕ್ಕಿ ಮೊಟ್ಟೆಯೊಡೆದು ಬಂದದ್ದು ಯುಂಗ್‌ಫುವಿನ ಗೂಡಿನಲ್ಲೇ. ಅವನದು ಕನ್ನಡಕದ ಅಂಗಡಿ. ಪಾರಿವಾಳ ಬಲ್ಲವರು ಹಕ್ಕಿಯ ಬೆಲೆಯನ್ನು ಅದರ ಕಣ್ಣಿನಲ್ಲಿ ನೋಡುತ್ತಾರೆ. ಊರಿನ ಕಣ್ಣುಗಳನ್ನೆಲ್ಲ ನೋಡಿದ ತನಗಿಂತ ಹಕ್ಕಿಯ ಕಣ್ಣು ಬಲ್ಲವರು ಯಾರಿದ್ದಾರೆ ಎಂಬುದು ಅವನ ನಂಬಿಕೆ. ಅಂಗಡಿಯ ಭೂತಗನ್ನಡಿ ತಂದು ಮರಿಯ ಕಣ್ಣನ್ನು ಹತ್ತು ಸಲ ನೋಡಿದ. ಒಂದು ಕಣ್ಣಿನ ಪಾಪೆ ಕೊಂಚ ಪಕ್ಕಕ್ಕೆ ಸರಿದಿತ್ತು. 'ಇದು ಓರೆಗಣ್ಣಿ, ಬೀದಿ ದಾಟುವುದಕ್ಕೂ ಲಾಯಕ್ಕಿಲ್ಲ' ಎಂದು ತೀರ್ಪು ಕೊಟ್ಟು, ಚಪ್ಪಲಿಯ ಡಬ್ಬಿಯಲ್ಲಿ ಹಾಕಿ ಹೆಂಡತಿಯ ತಮ್ಮ ಚಿನ್‌ತುವಿಗೆ ದಾನ ಮಾಡಿದ. ಚಿನ್‌ತು ಬೀದಿಬದಿಯಲ್ಲಿ ಸೋಯಾ ಹಾಲು ಮಾರುವವನು, ಕಣ್ಣಿನ ಶಾಸ್ತ್ರ ಅರಿಯದವನು. ಮರಿಗೆ ಕಡಲೆಕಾಯಿ ತಿನ್ನಿಸಿ ಬೆಳೆಸಿದ. ಮರುವರ್ಷ ನಡುಗಡಲಿನಲ್ಲಿ ಹಡಗಿನಿಂದ ಬಿಟ್ಟ ಸಾವಿರಾರು ಹಕ್ಕಿಗಳಲ್ಲಿ ಮೊದಲು ಮನೆ ಮುಟ್ಟಿದ್ದು ಓರೆಗಣ್ಣಿ. ಅದರ ಮರುವರ್ಷವೂ ಅದೇ.

ಚಿನ್‌ತು ಹಕ್ಕಿಯ ಹುಟ್ಟನ್ನು ಮುಚ್ಚಿಟ್ಟಿದ್ದರೆ ಯುಂಗ್‌ಫು ಸಹಿಸಿಕೊಳ್ಳುತ್ತಿದ್ದನೇನೋ. ಅವನು ಸಿಕ್ಕಿದವರಿಗೆಲ್ಲ ನಿಜವನ್ನೇ ಹೇಳುತ್ತಿದ್ದ, ಅದೇ ತಾಳಲಾಗದ್ದು.

"ನಮ್ಮ ಭಾವನೇ ಕೊಟ್ಟಿದ್ದು ಕಣ್ರೋ," ಎಂದು ಹೊಸವರ್ಷದ ಊಟದಲ್ಲಿ ಎಲ್ಲರ ಮುಂದೆ ಬಟ್ಟಲೆತ್ತಿದ್ದ. "ಊರಿಗೆಲ್ಲ ಕಣ್ಣು ಕೊಡ್ತಾರೆ. ತಮಗೊಂದು ಇಟ್ಕೊಳ್ಳೋದು ಮರೆತುಬಿಟ್ಟಿದಾರೆ."

ಎಲ್ಲರೂ ನಕ್ಕರು. ಹೆಂಡತಿ ಲಿಚು ಕೂಡ ನಕ್ಕಳು. ಎಂಬತ್ತು ದಾಟಿದ ಅತ್ತೆ ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು. ಓರೆಗಣ್ಣಿಯನ್ನು ಚಿನ್‌ತುವಿನ ಹತ್ತಿರ ಉಳಿಯಲು ಬಿಡಬಾರದು ಎಂದು ಯುಂಗ್‌ಫು ಅಂದೇ ನಿಶ್ಚಯಿಸಿದ.

ದಕ್ಷಿಣದ ಊರೊಂದರ ಸಾಹುಕಾರ ಹಕ್ಕಿಯನ್ನು ಕೊಳ್ಳಲು ಸಿದ್ಧನಿದ್ದ. ಪಂದ್ಯಕ್ಕಲ್ಲ, ಮರಿ ಮಾಡಿಸುವುದಕ್ಕೆ. ದುಡ್ಡಿನ ಜೊತೆಗೆ ಮೊದಲ ಜೋಡಿ ಮರಿಗಳನ್ನು ಯುಂಗ್‌ಫುಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಆ ಮರಿಗಳು ಎರಡು ವರ್ಷದಲ್ಲಿ ಚಿನ್‌ತುವಿನ ಹಕ್ಕಿಗಳನ್ನು ಹಿಂದೆ ಹಾಕುತ್ತವೆ, ಹೊಸವರ್ಷದ ಊಟದಲ್ಲಿ ತಾನು ಬಟ್ಟಲೆತ್ತುತ್ತೇನೆ. ಯುಂಗ್‌ಫು ಆಗ ಆಡಬೇಕಾದ ಮಾತನ್ನು ಸಹ ಆರಿಸಿಟ್ಟುಕೊಂಡಿದ್ದ.

ಕದಿಯುವುದು ಸುಲಭವಿತ್ತು. ಗೂಡು ಚಿನ್‌ತುವಿನ ಐದಂತಸ್ತಿನ ಹಳೇ ಮನೆಯ ತಾರಸಿಯ ಮೇಲಿತ್ತು. ಅವನು ದೇವರ ಯಾತ್ರೆಗೆ ಹೋದಾಗ ಕಾಳು ಹಾಕಲೆಂದು ಯುಂಗ್‌ಫುವಿನ ಹತ್ತಿರ ಎರಡನೇ ಕೀಲಿಕೈ ಕೊಟ್ಟಿದ್ದ. ಕಷ್ಟವಿದ್ದುದು ಅಲ್ಲೇ. ಹಕ್ಕಿ ಕಾಣೆಯಾದರೆ ಮೊದಲ ಬೆರಳು ಕೀಲಿಕೈ ಇರುವವನ ಕಡೆಗೇ ತಿರುಗುತ್ತದೆ. ತಿರುಗಲಿ, ಎಂದುಕೊಂಡ ಯುಂಗ್‌ಫು. ಬೆರಳು ತಿರುಗಿದಾಗ ತಾನು ಎಲ್ಲಿರಬೇಕೆಂದರೆ, ತೋರಿಸುವವನ ಕತ್ತು ನೋಯಬೇಕು.

ಹಾಗೆ ಅವನಿಗೆ ನೂರೊಂದು ಹೊಳೆಯಿತು. ನೂರೊಂದು ಮಹಡಿಯ ಆ ಗೋಪುರಕ್ಕೆ ತೈಪೆ ನೂರೊಂದು ಎಂದು ಪೂರಾ ಹೆಸರು ಹೇಳುವವರು ಹೊರಗಿನವರು, ಊರಿನವರಿಗೆ ಅದು ಬರೀ ನೂರೊಂದು. ಊರಿನವರು ಅದನ್ನು ಹತ್ತುವುದಿಲ್ಲ. ಹತ್ತುವುದು ಜಪಾನಿನವರು, ಕೊರಿಯಾದವರು, ಹೊಸದಾಗಿ ಮದುವೆಯಾದ ದಕ್ಷಿಣದವರು. ಯುಂಗ್‌ಫುವಿನ ಅಂಗಡಿಯ ಬಾಗಿಲಿನಿಂದ ಇಪ್ಪತ್ತು ವರ್ಷದಿಂದ ಆ ಕಟ್ಟಡ ಕಾಣುತ್ತಿತ್ತು, ಅವನು ಅದರ ಬುಡಕ್ಕೆ ಹೋದದ್ದು ಸಹ ಅಲ್ಲಿನ ಶಾಪಿಂಗ್ ಮಾಲಿನಲ್ಲಿ ಮಳೆಯಿಂದ ತಪ್ಪಿಸಿಕೊಳ್ಳಲು ಮಾತ್ರ. ಅಂಥವನು ಹತ್ತಿದರೆ ಅದು ಎಲ್ಲರ ನೆನಪಿನಲ್ಲಿ ಉಳಿಯುವ ಸುದ್ದಿ.

ಅರವತ್ತು ತುಂಬುವ ಶನಿವಾರವನ್ನು ಆರಿಸಿದ. ತಿಂಗಳಿಂದ ಮನೆಯಲ್ಲಿ ಅದನ್ನೇ ಹಾಡಿದ.

"ಅರವತ್ತಾಗತ್ತೆ. ಒಂದ್ಸಲ ಮೇಲೆ ಹೋಗಿ ಊರು ನೋಡ್ತೀನಿ. ಒಬ್ನೇ, ನೆಮ್ಮದಿಯಾಗಿ."

"ಹೋಗ್ರಿ, ಯಾರು ಬೇಡ ಅಂದ್ರು," ಎಂದಳು ಲಿಚು. "ಏಣಿ ಮೇಲೆ ನಿಂತ್ರೆ ತಲೆ ಸುತ್ತತ್ತೆ ಅಂತ ಬಲ್ಬು ಬದಲಾಯ್ಸಕ್ಕೂ ನನ್ನನ್ನೇ ಹತ್ತಿಸ್ತೀರಿ."

ಆದರೂ ಸಂಜೆ ಐದೂವರೆಗೆ ಗೋಪುರದ ನೆಲಮಾಳಿಗೆಯ ಊಟದಂಗಡಿಯಲ್ಲಿ ಎಲ್ಲರೂ ಸೇರುವುದೆಂದು ತೀರ್ಮಾನವಾಯಿತು. ಚಿನ್‌ತುವೂ ಬರುತ್ತೇನೆಂದ. ಕಳ್ಳತನ ಮಾಡಿಸಿಕೊಂಡವನೇ ಬಂದು ಕಳ್ಳನ ಬಟ್ಟಲಿಗೆ ಬಡಿಸುತ್ತಾನೆ ಎಂಬ ಎಣಿಕೆಗೆ ಯುಂಗ್‌ಫುವಿನ ಹೊಟ್ಟೆ ತಣ್ಣಗಾಯಿತು. ಹಕ್ಕಿ ಹೋದದ್ದು ಗೊತ್ತಾಗುವುದು ಮರುದಿನ ಬೆಳಗ್ಗೆ ಕಾಳು ಹಾಕುವಾಗ. ಶನಿವಾರ ಮಧ್ಯಾಹ್ನವೆಲ್ಲ ಚಿನ್‌ತು ಪಾರಿವಾಳದ ಕ್ಲಬ್ಬಿನಲ್ಲಿ ಚಹಾ ಕುಡಿಯುತ್ತ ಓರೆಗಣ್ಣಿಯ ಪುರಾಣ ಹೇಳುತ್ತಿರುತ್ತಾನೆ.

ಶನಿವಾರ ಎರಡು ಗಂಟೆಗೆ ಯುಂಗ್‌ಫು ನಿಜವಾಗಿಯೂ ಮೇಲೆ ಹೋದ. ಟಿಕೆಟ್ಟಿನವಳ ಹತ್ತಿರ ತನಗಿಂದು ಅರವತ್ತು ತುಂಬಿತೆಂದು ಹೇಳಿದ, ನೆನಪಿರಲಿ ಎಂದು. ಲಿಫ್ಟು ಕಿವಿ ಮುಚ್ಚಿಸಿ ಎಂಬತ್ತೊಂಬತ್ತನೇ ಮಹಡಿಗೆ ಒಯ್ದು ಬಿಟ್ಟಿತು. ಅಲ್ಲಿ ಅವನು ಊರು ನೋಡಲಿಲ್ಲ, ಪರೀಕ್ಷೆಗೆ ಓದುವವನಂತೆ ಓದಿದ. ಉತ್ತರದ ಗುಡ್ಡದ ಮೇಲೆ ಎಷ್ಟು ಮೋಡವಿದೆ, ಕಿಟಕಿಯ ಪಕ್ಕ ಬಿಳೀ ಲಂಗದ ಮದುಮಗಳು ಎಷ್ಟು ಸಲ ತುಟಿ ಬಣ್ಣ ಬಳಿದುಕೊಂಡಳು, ಹವಳದ ಒಡವೆ ಮಾರುವ ಹೆಂಗಸು ಯಾವ ಭಾಷೆಯಲ್ಲಿ ಜಗಳವಾಡಿದಳು, ಎಲ್ಲವನ್ನೂ ಮನಸ್ಸಿನಲ್ಲಿ ಬರೆದುಕೊಂಡ. ಫೋನಿನಲ್ಲಿ ಒಂದಷ್ಟು ಚಿತ್ರ ತೆಗೆದ, ಯಾವುದನ್ನೂ ಆಗಲೇ ಕಳಿಸಲಿಲ್ಲ.

ಕೊನೆಗೆ ಗುಂಡಿನ ಮುಂದೆ ನಿಂತ. ಇಡೀ ಊರು ಹೆಮ್ಮೆಪಡುವ ಹಳದಿ ಗುಂಡು ಅದು, ಮನೆಯಷ್ಟು ದಪ್ಪದ್ದು, ಹಗ್ಗದಂಥ ಉಕ್ಕಿನ ತಂತಿಗಳಿಂದ ಗೋಪುರದ ಹೊಟ್ಟೆಯೊಳಗೆ ತೂಗುಬಿದ್ದಿದೆ. ಗೋಪುರ ತೂಗಾಡಿದರೆ ಅದು ಎದುರು ದಿಕ್ಕಿಗೆ ತೂಗಿ ಹಿಡಿದು ನಿಲ್ಲಿಸುತ್ತದಂತೆ. ಯುಂಗ್‌ಫು ನೋಡಿದ ಅರ್ಧ ಗಂಟೆಯಲ್ಲಿ ಅದು ಏನೂ ಮಾಡಲಿಲ್ಲ. ಏನೂ ಮಾಡದೆ ಹೊಗಳಿಸಿಕೊಳ್ಳುವುದರಲ್ಲಿ ಚಿನ್‌ತುವಿನ ಜಾತಿ ಎಂದುಕೊಂಡ.

ಪಕ್ಕದಲ್ಲಿ ಹಳ್ಳಿಯ ಮುದುಕನೊಬ್ಬ ಕಂಬಿ ಹಿಡಿದುಕೊಂಡು ವಿವರಣೆ ಹೇಳುವ ಹುಡುಗಿಯನ್ನು ಕೇಳಿದ. "ಇದು ಅಲ್ಲಾಡಲ್ವೇನಮ್ಮಾ? ಇಷ್ಟು ದೂರ ಬಂದಿದೀನಿ."

"ಬಿರುಗಾಳಿ ಬಂದ್ರೆ, ಇಲ್ಲಾ ನೆಲ ನಡುಗಿದ್ರೆ ಅಲ್ಲಾಡತ್ತೆ ತಾತ. ಇವತ್ತು ಅದಕ್ಕೆ ರಜಾ."

ಮುದುಕ ನಿರಾಸೆಯಿಂದ ಪಕ್ಕಕ್ಕೆ ಸರಿದ. ಹುಡುಗಿಯ ಮಾತು ಯುಂಗ್‌ಫುಗೆ ಹಿಡಿಸಿತು. ಮೇಲೆ ಇದ್ದವನಿಗೆ ಮಾತ್ರ ಗೊತ್ತಿರುವಂಥ ಮಾತು. ಸಂಜೆಗೆಂದು ಅದನ್ನೂ ಎತ್ತಿಟ್ಟುಕೊಂಡ.

ಮೂರಕ್ಕೆ ಮುಂಚೆ ಇಳಿದ. ಮಾಲಿನ ಕಕ್ಕಸಿನಲ್ಲಿ ಕೋಟು ಬಿಚ್ಚಿ ಚೀಲಕ್ಕೆ ಹಾಕಿ, ಬೂದು ಬಣ್ಣದ ಮಳೆಯಂಗಿ, ಮುಖಗವಸು, ಶಿರಸ್ತ್ರಾಣ ಧರಿಸಿದ. ಆ ವೇಷದಲ್ಲಿ ತೈಪೆಯಲ್ಲಿ ಅರ್ಧ ಊರು ಸ್ಕೂಟರಿನ ಮೇಲೆ ಇರುತ್ತದೆ, ಹೆತ್ತ ತಾಯಿಗೂ ಮಗನ ಗುರುತು ಸಿಗುವುದಿಲ್ಲ. ಕ್ಯಾಮೆರಾಗಳಿವೆ, ನಿಜ. ಆದರೆ ಒಂದು ಪಾರಿವಾಳಕ್ಕಾಗಿ ಪೊಲೀಸರು ಕೂತು ಕ್ಯಾಮೆರಾ ನೋಡುವುದಿಲ್ಲ. ಮನೆಯವರು ಬೆರಳು ತೋರಿಸಿದರಷ್ಟೇ ನೋಡುತ್ತಾರೆ. ಮನೆಯವರ ಬೆರಳನ್ನೇ ಕಟ್ಟಿಹಾಕುವುದು ಅವನ ಯೋಜನೆಯ ಜೀವಾಳ.

ಚಿನ್‌ತುವಿನ ಮನೆಯ ಮೆಟ್ಟಿಲ ಮೇಲೆ ನಿಂತು ಫೋನು ತೆಗೆದ. ಮೋಡದ ಚಿತ್ರವೊಂದನ್ನು ಮನೆಯವರೆಲ್ಲ ಇರುವ ಗುಂಪಿಗೆ ಕಳಿಸಿ ಕೆಳಗೆ ಬರೆದ: 'ಇನ್ನೂ ಮೇಲೇ ಇದ್ದೇನೆ. ಇಲ್ಲಿಂದ ಚಿನ್‌ತುವಿನ ಮನೆ ಇರುವೆಯ ಗೂಡಿನಷ್ಟೂ ಕಾಣುವುದಿಲ್ಲ.' ತನ್ನ ಕುಚೋದ್ಯಕ್ಕೆ ತಾನೇ ಒಂದು ಕ್ಷಣ ತಲೆದೂಗಿದ. ಆಮೇಲೆ ಫೋನನ್ನು ಪೂರ್ತಿ ಆರಿಸಿದ. ಕಳ್ಳತನದ ನಡುವೆ ಹೆಂಡತಿಯ ಕರೆ ಬಂದು ಸಿಕ್ಕಿಬಿದ್ದ ಮೂರ್ಖರ ಕತೆ ಅವನು ಬೇಕಾದಷ್ಟು ಕೇಳಿದ್ದ. ಐದೂವರೆಯವರೆಗೆ ಈ ಫೋನು ಸತ್ತಂತೆ, ಬ್ಯಾಟರಿ ಮುಗಿದಿತ್ತು ಎಂದರೆ ಮುಗಿಯಿತು.

ಗೂಡಿನಲ್ಲಿ ಓರೆಗಣ್ಣಿ ಗುರುತು ಹಿಡಿದವಳಂತೆ ತಾನಾಗಿ ಕೈಗೆ ಬಂದಳು. ಆ ಓರೆ ಕಣ್ಣಿನಿಂದ ಅವನನ್ನೊಮ್ಮೆ ನೋಡಿದಳು. ಅವನು ಬೇರೆ ಕಡೆ ನೋಡಿ, ತೂತು ಮಾಡಿದ ಡಬ್ಬಿಯೊಳಗೆ ಅವಳನ್ನು ಇಳಿಸಿದ. ಹೊರಡುವಾಗ ಬೀಗವನ್ನು ಹಾಕದೆ ಕೊಂಡಿಗೆ ತೂಗುಬಿಟ್ಟ, ಚಿನ್‌ತುವೇ ಮರೆತಂತೆ ಕಾಣಲಿ ಎಂದು. ಕುಡುಕನಲ್ಲದಿದ್ದರೂ ಚಿನ್‌ತು ಮರೆಗುಳಿ, ಅದು ಲೋಕಕ್ಕೇ ಗೊತ್ತು.

ಸಾಹುಕಾರನ ಆಳು ನದಿಯಾಚೆ ಕಾಯುತ್ತಿದ್ದ. ಸೇತುವೆಯ ಮೇಲೆ ಶನಿವಾರದ ಸ್ಕೂಟರುಗಳ ಪ್ರವಾಹ, ಆ ಭಾರಕ್ಕೆ ಸೇತುವೆ ಯಾವತ್ತೂ ಅದುರುತ್ತಲೇ ಇರುತ್ತದೆ. ಅರ್ಧ ದಾರಿಯಲ್ಲಿ ಕಾಲ ನಡುವೆ ಇಟ್ಟಿದ್ದ ಡಬ್ಬಿಯೊಳಗೆ ಹಕ್ಕಿಗೆ ಹುಚ್ಚು ಹಿಡಿದಂತಾಯಿತು. ರೆಕ್ಕೆ ಬಡಿದು, ಮುಚ್ಚಳಕ್ಕೆ ಗುದ್ದಿ, ಡಬ್ಬಿಯನ್ನೇ ಉರುಳಿಸುವಷ್ಟು ಒದ್ದಾಡಿತು. ನಡುಗಡಲಿನಲ್ಲಿ ಹೆದರದವಳು ಸ್ಕೂಟರಿಗೆ ಹೆದರುತ್ತಾಳೆ ಎಂದು ಯುಂಗ್‌ಫು ನಕ್ಕು, ಮೊಣಕಾಲಿನಿಂದ ಡಬ್ಬಿಯನ್ನು ಒತ್ತಿ ಹಿಡಿದ.

ಆಚೆ ದಡದ ಓಣಿಯಲ್ಲಿ ಹೆಂಗಸರು, ಮುದುಕರು ಮನೆಯ ಚಪ್ಪಲಿಯಲ್ಲೇ ಬೀದಿಗೆ ಬಂದು ನಿಂತಿದ್ದರು. ಕಸದ ಗಾಡಿ ಬರುವ ಹೊತ್ತಾಯಿತೇನೋ ಎಂದುಕೊಂಡ. ತೈಪೆಯಲ್ಲಿ ಓಣಿಗೆ ಓಣಿಯೇ ಒಟ್ಟಿಗೆ ಹೊರಗೆ ಬಂದು ನಿಲ್ಲುವುದು ಕಸದ ಗಾಡಿಗಾಗಿ, ಅದು ಹಾಡು ಹಾಡುತ್ತ ಬಂದಾಗ. ಹಾಡು ಕೇಳಿಸಲಿಲ್ಲ. ಯಾರ ಕೈಯಲ್ಲೂ ಕಸದ ಚೀಲವೂ ಇರಲಿಲ್ಲ. ಅಷ್ಟನ್ನು ಅವನು ಗಮನಿಸಿದ, ಈ ಕಡೆಯ ಜನ ಸೋಮಾರಿಗಳು ಎಂದುಕೊಂಡು ಮುಂದೆ ಹೋದ.

ಆಳು ಕಾರಿನೊಳಗೆ ಅಡಿಕೆ ಜಗಿಯುತ್ತ ಕೂತಿದ್ದ. ಡಬ್ಬಿ ಇಸಿದುಕೊಂಡು ಇಣುಕಿದ. "ಹೆದರಿಬಿಟ್ಟಿದೆ. ನೀವು ಸರಿಯಾಗಿದೀರಾ?"

"ನನಗೇನಾಗಿದೆ?" ಎಂದ ಯುಂಗ್‌ಫು. ಕಳ್ಳರ ಕಡೆಯವನಾದರೂ ಎಷ್ಟು ವಿನಯ ಎನ್ನಿಸಿತು.

ತಿರುಗಿ ಮಾಲಿಗೆ ಬಂದಾಗ ಟಿಕೆಟ್ಟಿನ ಕೌಂಟರಿನ ಮುಂದೆ ಜನ ಮುತ್ತಿದ್ದರು, ಯಾರೋ ದುಡ್ಡು ವಾಪಸ್ಸು ಕೊಡಿ ಎಂದು ಗದರುತ್ತಿದ್ದರು. ಬೆಳಗ್ಗಿನಿಂದ ಎಷ್ಟು ಜನರನ್ನು ತುಂಬಿದ್ದಾರೋ, ತಾನು ಬೇಗ ಹೋಗಿಬಂದದ್ದು ಒಳ್ಳೆಯದಾಯಿತು ಎಂದುಕೊಂಡು ತಲೆ ತಗ್ಗಿಸಿ ಕಕ್ಕಸಿಗೆ ನಡೆದ. ಕೋಟು ಹಾಕಿಕೊಂಡು, ಕೂದಲು ಬಾಚಿಕೊಂಡು, ಅರವತ್ತರ ಗಂಭೀರ ಮುಖ ಹೊತ್ತುಕೊಂಡು ನೆಲಮಾಳಿಗೆಗೆ ಇಳಿದ.

ಹೆಂಡತಿ, ಅತ್ತೆ, ಭಾವಮೈದುನ ಮೂವರೂ ಆಗಲೇ ಬಂದಿದ್ದರು. ಅವನನ್ನು ಕಂಡಕೂಡಲೇ ಲಿಚು ಎದ್ದು ಬಂದು ಅವನ ತೋಳು ಹಿಡಿದುಕೊಂಡಳು. ಮೂವತ್ತು ವರ್ಷದಲ್ಲಿ ಅವಳು ಹಾಗೆ ಜನರ ಮುಂದೆ ಹಿಡಿದದ್ದಿಲ್ಲ.

"ಫೋನ್ ಯಾಕ್ರೀ ಆಫು? ನನ್ನ ಜೀವ ಹೋಗಿ ಬಂತು."

"ಬ್ಯಾಟರಿ ಮುಗೀತು ಕಣೆ."

"ಎಷ್ಟೊತ್ತಿಗೆ ಇಳಿದ್ರಿ? ಲಿಫ್ಟಲ್ಲೇ ಇಳಿದ್ರಾ?"

"ಈಗಷ್ಟೇ. ಲಿಫ್ಟಲ್ಲಲ್ದೆ ಇನ್ನೇನು, ಪಾರಿವಾಳದ ಥರ ಹಾರಿ ಬರ್ತಾರಾ?"

ಪಾರಿವಾಳ ಎಂದದ್ದು ಬೇಡವಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತಾನಲ್ಲ ಎಂದು ಅವನು ಬಹಳ ಸಲ ಹೇಳಿಕೊಂಡಿದ್ದ. ಈಗ ಯಾರೂ ಕಳ್ಳ ಎನ್ನುವ ಮೊದಲೇ ಮುಟ್ಟಿಕೊಂಡಂತಾಯಿತು. ಆದರೆ ಚಿನ್‌ತು ತಲೆಯೆತ್ತಿದಾಗ ಅವನ ಮುಖದಲ್ಲಿ ಅನುಮಾನವಿರಲಿಲ್ಲ, ಅವನ ಕಣ್ಣು ಕೆಂಪಗಾಗಿತ್ತು.

"ಅವಳು ಹೋದ್ಲು ಭಾವ."

"ಯಾರು?"

"ಓರೆಗಣ್ಣಿ. ಕ್ಲಬ್ಬಿಂದ ಎಲ್ಲರೂ ಮನೆಗೆ ಓಡಿದ್ವಿ, ಗೂಡು ನೋಡಕ್ಕೆ. ನನ್ನ ಗೂಡಿನ ಬಾಗ್ಲು ತೆರ್ಕೊಂಡಿತ್ತು. ನಾನೇ ಬೀಗ ಮರ್ತಿದೀನಿ, ಮುಂಡೇದು. ಹೆದರ್ಕೊಂಡು ಎಲ್ಲವೂ ಹಾರಿದ್ವು. ಸೀಟಿ ಹಾಕಿದ್ಮೇಲೆ ಎಲ್ಲ ಬಂದ್ವು, ಅವಳೊಬ್ಳು ಬರ್ಲಿಲ್ಲ." ಮೂಗು ಒರೆಸಿಕೊಂಡು ಹೇಳಿದ, "ನೀವು ಕೊಟ್ಟಿದ್ದು. ಕಾಪಾಡ್ಕೊಳ್ಳಕ್ಕಾಗ್ಲಿಲ್ಲ. ಇವತ್ತಿನ ದಿನ ಬಂದು ಇದನ್ನ ಹೇಳ್ಬೇಕಾಯ್ತಲ್ಲ."

ಯುಂಗ್‌ಫುಗೆ ಕುಣಿಯಬೇಕೆನ್ನಿಸಿತು. ಗಿಡುಗವೋ ಬೆಕ್ಕೋ ಬಂದು ಹೆದರಿಸಿರಬೇಕು, ಇವನು ತನ್ನ ತಪ್ಪೇ ಎಂದು ನಂಬಿ ಕೂತಿದ್ದಾನೆ. ದೇವರೇ ಒಲಿದು ಬಂದು ಕಳ್ಳತನವನ್ನು ಕಳ್ಳತನವಲ್ಲವೆಂದು ಸಾರಿದಂತಾಯಿತು. ಆ ಗಳಿಗೆಯಲ್ಲಿ ಅವನು 'ಅಯ್ಯೋ ಪಾಪ' ಎಂದು ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮನುಷ್ಯ ತಿಂಗಳುಗಟ್ಟಲೆ ಹೊಲಿದ ಅಂಗಿಯನ್ನು ತೊಡದೆ ಮಡಿಸಿಡುವುದು ಕಷ್ಟ. ಒಂದು ಮಧ್ಯಾಹ್ನದ ಗೋಪುರ ಅವನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

ಅಷ್ಟರಲ್ಲಿ ಅತ್ತೆ, ಹೊರಗಿನ ತಿಂಡಿ ತರಬಾರದೆಂಬ ಫಲಕವನ್ನು ನೋಡಿಯೂ ನೋಡದವಳಂತೆ, ಚೀಲದಿಂದ ಬಿಸಿಡಬ್ಬಿ ತೆಗೆದಳು. ಹಂದಿಕಾಲಿನ ಸಾರಿನಲ್ಲಿ ಬೆಂದ ಎಳೆಶಾವಿಗೆ. ಆ ಊರಿನಲ್ಲಿ ಹುಟ್ಟುಹಬ್ಬಕ್ಕೂ ಅದೇ, ಹೆದರಿದವರ ಹೆದರಿಕೆ ಇಳಿಸುವುದಕ್ಕೂ ಅದೇ, ಜೈಲಿನಿಂದ ಬಿಟ್ಟು ಬಂದವನ ದೋಷ ಕಳೆಯುವುದಕ್ಕೂ ಅದೇ. ಶಾವಿಗೆಯನ್ನು ಕಡಿಯದೆ ಒಂದೇ ಎಳೆಯಾಗಿ ಎಳೆದುಕೊಳ್ಳಬೇಕು.

"ತಿನ್ನಪ್ಪಾ. ಹೆದರಿಕೆ ಇಳಿಯತ್ತೆ."

"ನನಗ್ಯಾಕತ್ತೆ ಹೆದರಿಕೆ?" ಯುಂಗ್‌ಫು ಊಟದ ಕಡ್ಡಿಗಳನ್ನು ಎತ್ತಿಕೊಂಡ. "ಎರಡರಿಂದ ಐದರ ತನಕ ಮೇಲೇ ಇದ್ದೆ. ನಮ್ಮ ಕುಲದೇವರ ಗುಡಿಯ ಕಲ್ಲಿನ ಮೇಲೆ ನಿಂತಿದ್ರೂ ಇಷ್ಟು ನೆಮ್ಮದಿ ಇರ್ತಿರ್ಲಿಲ್ಲ. ಒಬ್ಬಳು ಮದುಮಗಳು ಬಂದಿದ್ಲು, ಬಿಳೀ ಲಂಗ. ಪಾಪ, ತುಟಿ ಬಳ್ಕೊಂಡಿದ್ದೇ ಬಳ್ಕೊಂಡಿದ್ದು. ಹವಳದ ಅಂಗ್ಡಿಯವ್ಳು ಜಪಾನಿ ಭಾಷೇಲಿ ಜಗಳ ಆಡ್ತಿದ್ಲು. ನಾನು ಒಂದು ಕಡೆ ಕೂತು ಮೋಡ ನೋಡಿದೆ."

ಲಿಚು ಅವನ ತೋಳಿನಿಂದ ಕೈ ತೆಗೆದಳು.

"ಗುಂಡು ನೋಡ್ದ್ಯಾ?" ಎಂದಳು ಅತ್ತೆ.

"ನೋಡ್ದೆ ಇರ್ತೀನಾ? ಮೂರು ಗಂಟೆಯಿಂದ ಹತ್ತಿರ ಹತ್ತಿರ ನಾಲ್ಕೂವರೆವರೆಗೂ ಅದರ ಮುಂದೇನೇ ಇದ್ದೆ."

"ಹೇಗಿತ್ತು?"

ಈ ಪ್ರಶ್ನೆಗಾಗಿಯೇ ಅವನು ಕಾಯುತ್ತಿದ್ದ. "ಕೂದಲೆಳೆಯಷ್ಟೂ ಅಲುಗಲಿಲ್ಲ. ವಿವರಣೆ ಹೇಳೋ ಹುಡುಗಿನೇ ಅಂದ್ಲು, ಇವತ್ತು ಅದಕ್ಕೆ ರಜಾ ಅಂತ."

ಅವನೊಬ್ಬನೇ ನಕ್ಕ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅತ್ತೆ ಮಗಳ ಮುಖ ನೋಡಿದಳು, ಮಗನ ಮುಖ ನೋಡಿದಳು, ಕೊನೆಗೆ ಅಳಿಯನ ಮುಖ ನೋಡಿ ಮೆಲ್ಲಗೆ ಕೇಳಿದಳು.

"ಯಾವ ಗೋಪುರಕ್ಕೆ ಹೋಗಿದ್ದೆಯಪ್ಪಾ ನೀನು?"

ಚಿನ್‌ತು ತನ್ನ ಫೋನನ್ನು ಮೇಜಿನ ಮೇಲೆ ಅವನ ಕಡೆಗೆ ತಿರುಗಿಸಿಟ್ಟ. ಊಟದ ಹೊತ್ತಿಗೆ ತೈಪೆಯಲ್ಲಿ ಆ ವಿಡಿಯೋ ನೋಡದವನು ಬಹುಶಃ ಯುಂಗ್‌ಫು ಒಬ್ಬನೇ. ಹಳದಿ ಗುಂಡು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗುತ್ತಿತ್ತು, ಜನ ಕಂಬಿ ಹಿಡಿದು ನೆಲದ ಮೇಲೆ ಕೂತಿದ್ದರು, ಬಿಳೀ ಲಂಗದವಳು ಕೂಗುತ್ತಿದ್ದಳು, ಹಳ್ಳಿಯ ಮುದುಕ ಮಾತ್ರ ಬಾಯಿ ತುಂಬ ನಗುತ್ತಿದ್ದ. ಮೂರೂವರೆ ದಾಟಿದ ಮೇಲೆ, ಯುಂಗ್‌ಫು ಸೇತುವೆಯ ಮೇಲೆ ಹಕ್ಕಿಯ ಡಬ್ಬಿಯನ್ನು ಮೊಣಕಾಲಿನಿಂದ ಒತ್ತಿ ಹಿಡಿದಿದ್ದ ಹೊತ್ತಿಗೆ, ಇಡೀ ಊರು ನಡುಗಿತ್ತು. ಎಲ್ಲರೂ ಬೀದಿಗೆ ಓಡಿ ಬಂದಿದ್ದರು, ಗೋಪುರದ ಲಿಫ್ಟುಗಳು ನಿಂತು ಮೇಲಿದ್ದವರು ಮೆಟ್ಟಿಲಿಳಿದು ಬಂದಿದ್ದರು. ಆ ಊರಿನಲ್ಲಿ ಭೂಕಂಪ ಗೊತ್ತಾಗದಿರುವುದು ಓಡುವ ಸ್ಕೂಟರಿನ ಮೇಲೆ ಕೂತವನಿಗೆ ಮಾತ್ರ, ಅವನು ರಸ್ತೆಯನ್ನು ಬೈದುಕೊಂಡು ಮುಂದೆ ಹೋಗುತ್ತಾನೆ. ಯುಂಗ್‌ಫುವಿನ ಹಲ್ಲಿನ ನಡುವೆ ಶಾವಿಗೆಯ ಎಳೆ ತುಂಡಾಯಿತು. "ಗೂಡಿನ ಕೀಲಿಕೈ ಕೊಡಿ ಭಾವ," ಎಂದ ಚಿನ್‌ತು, ಕೈ ಚಾಚಿ. ಅತ್ತೆ ಅಳಿಯನ ಬಟ್ಟಲನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, ಶಾವಿಗೆಯನ್ನು ಬಿಸಿಡಬ್ಬಿಗೆ ತಿರುಗಿ ಸುರಿದು, ಮುಚ್ಚಳ ತಿರುಪಿದಳು. "ಇದನ್ನ ಇಟ್ಟಿರ್ತೀನಪ್ಪಾ," ಎಂದಳು. "ಬಿಟ್ಟು ಕಳಿಸಿದ ದಿನ ಬೇಕಾಗತ್ತೆ."